ಹತ್ತು ಖಾಲಿ ಮನೆಗಳು, ಒಂದು ಮಳೆಯ ನೋಟ್‌ಬುಕ್

ಅಕ್ಕನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಒಂದು ರಾತ್ರಿ ಫೋನ್ ಮಾಡಿ, "ಚಿಕ್ಕಮ್ಮ, ನನ್ನ ಹತ್ತಿರ ಏಳು ಇದೆ, ಇನ್ನೂ ಮೂರು ಬೇಕು, ಏನು ಸೇರಿಸಲಿ?" ಅಂತ ಕೇಳಿದಳು. ಏಳು ಏನು, ಮೂರು ಏನು ಅಂತ ನನಗೆ ಮೊದಲು ಅರ್ಥವಾಗಲಿಲ್ಲ. ಕೇಳುತ್ತಾ ಹೋದ ಹಾಗೆ ತಿಳಿಯಿತು. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಮನ್ ಆಪ್ ಅನ್ನುವ ಫಾರಂನಲ್ಲಿ ಪಠ್ಯೇತರ ಚಟುವಟಿಕೆಗಳಿಗೆ ಹತ್ತು ಮನೆಗಳಿವೆ. ಅದನ್ನು ಯಾರೋ ಅವಳಿಗೆ ತೋರಿಸಿದ್ದಾರೆ. ಅರ್ಜಿ ಹಾಕುವುದಕ್ಕೆ ಇನ್ನೂ ಮೂರು ವರ್ಷ ಇದೆ. ಹೊರಗೆ ಓದುತ್ತಾಳೋ ಇಲ್ಲೇ ಓದುತ್ತಾಳೋ ಅನ್ನುವುದೂ ತೀರ್ಮಾನವಾಗಿಲ್ಲ. ಆದರೆ ಹುಡುಗಿ ಆಗಲೇ ಖಾಲಿ ಮನೆ ಎಣಿಸುತ್ತಾ ಕೂತಿದ್ದಳು.

ಅವಳ ಏಳು ಇವು: ಡಿಬೇಟ್, ಕೀಬೋರ್ಡ್, ಟೇಬಲ್ ಟೆನಿಸ್, ಕೋಡಿಂಗ್, ಚೆಸ್, ಪರಿಸರ ಕ್ಲಬ್, ಭಾನುವಾರದ ಸ್ವಯಂಸೇವೆ. ವಾರದ ಒಂದು ಸಂಜೆಯೂ ಖಾಲಿ ಇಲ್ಲ. ಯಾವುದು ಇಷ್ಟ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಲ್ಲಾ ಪರವಾಗಿಲ್ಲ" ಅಂದಳು.

ಆ "ಪರವಾಗಿಲ್ಲ" ನನಗೆ ಆ ರಾತ್ರಿ ಪೂರ್ತಿ ನಿದ್ದೆ ಕೊಡಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನನ್ನ ಕತೆಯನ್ನೂ ಒಂದಿಷ್ಟು ಹೇಳಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ನಾವು ಮೂವರು ಗೆಳತಿಯರು ಸೇರಿ ಒಂದು ಗೋಡೆ ಪತ್ರಿಕೆ ತರುತ್ತಿದ್ದೆವು. ದೊಡ್ಡ ಡ್ರಾಯಿಂಗ್ ಶೀಟ್ ಮೇಲೆ ಕೈಯಲ್ಲೇ ಬರೆದು, ಗೆರೆ ಹೊಡೆದು, ಚಿತ್ರ ಬಿಡಿಸಿ, ಹದಿನೈದು ದಿನಕ್ಕೊಮ್ಮೆ ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸುತ್ತಿದ್ದೆವು. ಬೇರೆ ತರಗತಿಯವರಿಂದ ಬರಹ ಕೇಳಿ ತರಬೇಕು, ಕೊಡುತ್ತೇನೆ ಅಂದವರು ಕೊಡುವುದಿಲ್ಲ, ಕೊನೆ ಗಳಿಗೆಯಲ್ಲಿ ಅರ್ಧ ಕಾಲಂ ಖಾಲಿ ಉಳಿದಿರುತ್ತದೆ, ಅದನ್ನು ನಾವೇ ತುಂಬಬೇಕು. ಬರೆದದ್ದು ಜಾಗಕ್ಕಿಂತ ಉದ್ದವಾದರೆ ಯಾವ ಸಾಲು ಕತ್ತರಿಸಬೇಕು ಅಂತ ಜಗಳ. ಒಮ್ಮೆ ಒಬ್ಬ ಹುಡುಗನ ಕವಿತೆಯಲ್ಲಿ ಎರಡು ಸಾಲು ತೆಗೆದಿದ್ದಕ್ಕೆ ಅವನು ವಾರಗಟ್ಟಲೆ ನಮ್ಮ ಜೊತೆ ಮಾತು ಬಿಟ್ಟ. ಕೇಳದೆ ತೆಗೆಯಬಾರದಿತ್ತು ಅಂತ ಆಗ ಗೊತ್ತಾಯಿತು. ಹತ್ತನೇ ತರಗತಿಗೆ ಬಂದ ಕೂಡಲೇ ಅದನ್ನು ನಿಲ್ಲಿಸಿದರು. ನಿಲ್ಲಿಸಿದ ಶಿಕ್ಷಕರಿಗೆ ನಮ್ಮ ಮೇಲೆ ಕೋಪ ಇರಲಿಲ್ಲ. ಪ್ರೀತಿಯಿಂದಲೇ ಕೇಳಿದರು: "ಇದರಿಂದ ಎಷ್ಟು ಮಾರ್ಕ್ಸ್ ಬರುತ್ತೆ ಹೇಳಿ?" ಉತ್ತರ ನಮ್ಮ ಹತ್ತಿರ ಇರಲಿಲ್ಲ. ಗೋಡೆ ಖಾಲಿಯಾಯಿತು.

ಅಂದು ನನಗೆ "ಬಿಡು" ಅಂದರು. ಇಂದು ಈ ಹುಡುಗಿಗೆ "ಸೇರು" ಅನ್ನುತ್ತಿದ್ದಾರೆ. ಮೇಲ್ನೋಟಕ್ಕೆ ಕಾಲ ಎಷ್ಟೊಂದು ಬದಲಾಗಿದೆ ಅನ್ನಿಸುತ್ತದೆ. ನನಗೆ ಮಾತ್ರ ಎರಡೂ ಒಂದೇ ಮಾತಾಗಿ ಕೇಳುತ್ತದೆ. ಎರಡು ಸಲವೂ ಕೇಳಿದ ಪ್ರಶ್ನೆ ಒಂದೇ, ಇದು ಅಡ್ಮಿಷನ್‌ಗೆ ಲೆಕ್ಕಕ್ಕೆ ಬರುತ್ತದಾ? ಎರಡು ಸಲವೂ ಸಂಜೆಯ ಹೊತ್ತು ಮಗುವಿನದಾಗಿ ಉಳಿಯಲಿಲ್ಲ. ಎಲ್ಲೋ ದೂರದಲ್ಲಿ ಕೂತು ಮುಂದೊಂದು ದಿನ ಅರ್ಜಿ ಓದಲಿರುವ ಒಬ್ಬ ಅಪರಿಚಿತರ ಪಾಲಾಯಿತು.

ಹಾಗಂತ ಅಡ್ಮಿಷನ್ ಮುಖ್ಯವಲ್ಲ ಅಂತ ನಾನು ಹೇಳಲಾರೆ. ಅದು ಮುಖ್ಯವೇ. ಆದ್ದರಿಂದ ಮರುದಿನದಿಂದ ಕೂತು ಓದಲು ಶುರು ಮಾಡಿದೆ. ಫಾರಂಗಳಲ್ಲಿ ನಿಜವಾಗಿ ಏನು ಕೇಳುತ್ತಾರೆ, ಕೇಳಿದ್ದಕ್ಕೆ ಎಷ್ಟು ತೂಕ ಕೊಡುತ್ತಾರೆ ಅಂತ ನೋಡಿದೆ.

ಮೊದಲು ತಿಳಿದದ್ದು ಇದು. ಎಲ್ಲ ಕಡೆಯೂ ಒಂದೇ ನಿಯಮ ಇಲ್ಲ. ಜೆಇಇ, ನೀಟ್ ಥರದ ಪ್ರವೇಶ ಪರೀಕ್ಷೆಯ ದಾರಿಯಲ್ಲಿ ಸಾಮಾನ್ಯವಾಗಿ ರ‍್ಯಾಂಕ್ ಒಂದೇ ಮಾತಾಡುತ್ತದೆ. ನೀವು ಎಷ್ಟೇ ಚೆನ್ನಾಗಿ ಭಾಷಣ ಮಾಡಿ, ಅದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅಲ್ಲೂ ಈಚೆಗೆ ಒಂದೆರಡು ಕಿಟಕಿ ತೆರೆದಿವೆ. ಐಐಟಿ ಮದ್ರಾಸ್ 2024ರಿಂದ ಕ್ರೀಡಾ ಸಾಧಕರಿಗೆ, ಮರುವರ್ಷದಿಂದ ಸಂಗೀತ, ನೃತ್ಯದಂಥ ಕಲೆಗಳ ಸಾಧಕರಿಗೆ ಕೆಲವು ಹೆಚ್ಚುವರಿ ಸೀಟು ಇಟ್ಟಿದೆ. ಆದರೆ ಜೆಇಇ ಅಡ್ವಾನ್ಸ್ಡ್ ಪಾಸಾಗದೆ ಆ ಕಿಟಕಿಯ ಹತ್ತಿರ ಹೋಗುವ ಹಾಗಿಲ್ಲ.

ಬ್ರಿಟನ್ ಇನ್ನೊಂದು ಥರ. ಅಲ್ಲಿ ಯುಕಾಸ್ ಅನ್ನುವ ಸಂಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. 2026ರ ಪ್ರವೇಶದಿಂದ ಹಳೆಯ ಒಂದೇ ಉದ್ದ ಪ್ರಬಂಧದ ಬದಲು ಮೂರು ಪ್ರಶ್ನೆ ಇಟ್ಟಿದ್ದಾರೆ. ಈ ಕೋರ್ಸ್ ಯಾಕೆ ಬೇಕು, ಓದು ನಿಮ್ಮನ್ನು ಇದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಇದಕ್ಕಾಗಿ ಇನ್ನೇನು ಮಾಡಿದ್ದೀರಿ. ಮೂರಕ್ಕೂ ಸೇರಿ 4000 ಅಕ್ಷರ. ಮೂರನೆಯ ಪ್ರಶ್ನೆಯನ್ನು ಗಮನಿಸಿ. ಸುಮ್ನೆ ಏನೇನು ಮಾಡಿದ್ದೀರಿ ಅಂತ ಅಲ್ಲಿ ಕೇಳಿಲ್ಲ, ಈ ಕೋರ್ಸಿಗೆ ತಯಾರಾಗಲು ಏನು ಮಾಡಿದ್ದೀರಿ ಅಂತ ಕೇಳಿದ್ದಾರೆ. ಆಕ್ಸ್‌ಫರ್ಡ್‌ನಂಥ ಕಡೆ ಇದು ಇನ್ನೂ ಸ್ಪಷ್ಟ. ಓದಬೇಕೆಂದಿರುವ ವಿಷಯಕ್ಕೆ ಸಂಬಂಧ ಇದ್ದರೆ ಚಟುವಟಿಕೆಗೆ ಬೆಲೆ, ಇಲ್ಲದಿದ್ದರೆ ಅದು ನಿಮ್ಮ ಖುಷಿಗೆ. ವಿಷಯವನ್ನೇ ಪಾಠದ ಆಚೆಗೆ ಹಿಂಬಾಲಿಸಿಕೊಂಡು ಹೋಗುವುದಕ್ಕೆ ಅಲ್ಲಿ ಸೂಪರ್‌ಕರಿಕ್ಯುಲರ್ ಅನ್ನುವ ಬೇರೆ ಹೆಸರೇ ಇದೆ. ಇತಿಹಾಸ ಓದಲು ಹೊರಟ ಹುಡುಗನಿಗೆ ಟೇಬಲ್ ಟೆನಿಸ್ ಕಪ್ ಅಲ್ಲಿ ನೆರವಿಗೆ ಬರುವುದಿಲ್ಲ, ಹಳೆಯ ನಕ್ಷೆಗಳನ್ನು ಜೋಡಿಸಿ ನೋಡಿದ್ದು ಬರಬಹುದು. ಕೀಬೋರ್ಡ್ ಕಲಿಯುವವರಿಗೆ ಇನ್ನೊಂದು ವಿಷಯ ಗೊತ್ತಿರಲಿ. ಮಾನ್ಯತೆ ಇರುವ ಸಂಗೀತ ಪರೀಕ್ಷೆಗಳ 6, 7, 8ನೇ ಗ್ರೇಡುಗಳಿಗೆ ಯುಕಾಸ್ ಅಂಕ, ಅಂದರೆ ಪ್ರವೇಶಕ್ಕೆ ಲೆಕ್ಕ ಹಾಕಬಹುದಾದ ಅಂಕ, ಇದೆ. ಎಂಟನೇ ಗ್ರೇಡಿನ ವಾದನ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಬಂದರೆ 30. ಆದರೆ ಆ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ ಇಷ್ಟ.

ಚಟುವಟಿಕೆಗಳ ಮಾತು ಜೋರಾಗಿ ಕೇಳುವುದು ಅಮೆರಿಕದಲ್ಲಿ. ಹತ್ತು ಮನೆಯ ಆ ಫಾರಂ ನೋಡಿದೆ. ಪ್ರತಿ ಚಟುವಟಿಕೆಯ ವಿವರಣೆಗೆ ಅಕ್ಷರ, ಚುಕ್ಕಿ, ನಡುವಿನ ಜಾಗ ಎಲ್ಲಾ ಸೇರಿ 150. ಅಂದರೆ ಇಂಗ್ಲಿಷಿನಲ್ಲಿ ಎರಡು ಸಣ್ಣ ವಾಕ್ಯ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ, ಯಾವ ಯಾವ ತರಗತಿಯಲ್ಲಿ ಮಾಡಿದ್ದೀರಿ ಅಂತ ಕೇಳುತ್ತಾರೆ. ಹತ್ತನ್ನೂ ತುಂಬಲೇಬೇಕು ಅಂತ ಎಲ್ಲೂ ಇಲ್ಲ. ಎಂಐಟಿ ಅನ್ನುವ ಅಲ್ಲಿನ ತಂತ್ರಜ್ಞಾನ ವಿಶ್ವವಿದ್ಯಾಲಯ ತನ್ನದೇ ಫಾರಂ ಇಟ್ಟುಕೊಂಡಿದೆ, ಅಲ್ಲಿ ಕೇಳುವುದು ನಾಲ್ಕೇ ನಾಲ್ಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫಾರಂನಲ್ಲಿ ಪ್ರಶಸ್ತಿ, ಕೆಲಸ, ಸೇವೆ ಎಲ್ಲಾ ಸೇರಿ ಇಪ್ಪತ್ತರ ತನಕ ಹಾಕಬಹುದು. ನಾಲ್ಕು, ಹತ್ತು, ಇಪ್ಪತ್ತು. ಒಂದೇ ಹುಡುಗಿ, ಅವಳ ಜೀವನವೂ ಒಂದೇ. ಮನೆಗಳ ಸಂಖ್ಯೆ ಫಾರಂ ಮಾಡಿದವರ ಅನುಕೂಲ ಅಷ್ಟೇ. ಅದನ್ನು ನೋಡಿ ಹದಿನಾಲ್ಕು ವರ್ಷದ ಮಗು ತನ್ನಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬಾರದು.

ಇನ್ನೊಂದು ವಿಷಯ ನನಗೆ ತುಂಬಾ ಸಮಾಧಾನ ಕೊಟ್ಟಿತು. ಅಮೆರಿಕದ ಕಾಲೇಜು ಪ್ರವೇಶ ಸಲಹೆಗಾರರ ಸಂಘವು ಕಾಲೇಜುಗಳನ್ನೇ ಕೇಳಿ ಸಮೀಕ್ಷೆ ಮಾಡುತ್ತಾ ಬಂದಿದೆ. ಅದರಲ್ಲಿ ಮೊದಲ ಜಾಗ ಯಾವಾಗಲೂ ಹೈಸ್ಕೂಲಿನ ಅಂಕಗಳಿಗೆ ಮತ್ತು ಆರಿಸಿಕೊಂಡ ವಿಷಯಗಳು ಎಷ್ಟು ಗಟ್ಟಿ ಅನ್ನುವುದಕ್ಕೆ. ಚಟುವಟಿಕೆಗಳಿಗೆ ಬಹಳ ಮಹತ್ವ ಕೊಡುತ್ತೇವೆ ಅಂದ ಕಾಲೇಜುಗಳು ಈಚಿನ ಸಮೀಕ್ಷೆಗಳಲ್ಲಿ ನೂರಕ್ಕೆ ಹತ್ತೂ ಇಲ್ಲ. ಸೀಟಿಗೆ ವಿಪರೀತ ಪೈಪೋಟಿ ಇರುವ ಬೆರಳೆಣಿಕೆಯ ಕಾಲೇಜುಗಳಲ್ಲಿ ಮಾತ್ರ ಲೆಕ್ಕ ಬೇರೆ, ಯಾಕೆಂದರೆ ಅಲ್ಲಿಗೆ ಅರ್ಜಿ ಹಾಕುವ ಬಹುಪಾಲು ಮಕ್ಕಳ ಅಂಕ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಉಳಿದದ್ದನ್ನು ನೋಡುತ್ತಾರೆ. ಸುದ್ದಿಯಾಗುವುದು ಆ ಕೆಲವೇ ಕಾಲೇಜುಗಳು. ಭಯ ಮಾತ್ರ ಎಲ್ಲರ ಮನೆಗೂ ಬರುತ್ತದೆ.

ಮುಂದಿನ ಶನಿವಾರ ಅವರ ಮನೆಗೆ ಹೋದೆ. ಏಳೂ ಚಟುವಟಿಕೆಗಳನ್ನು ಕಾಗದದ ಮೇಲೆ ಬರೆದು ಒಂದೊಂದಾಗಿ ಮಾತಾಡಿದೆವು. ಚೆಸ್ ಯಾಕೆ? ಅಪ್ಪ ಹೇಳಿದ್ದು. ಕೋಡಿಂಗ್ ಯಾಕೆ? ಎಲ್ಲರೂ ಮಾಡುತ್ತಾರೆ. ಪರಿಸರ ಕ್ಲಬ್‌ನಲ್ಲಿ ಏನು ಮಾಡುತ್ತೀರಿ? ತಿಂಗಳಿಗೊಮ್ಮೆ ಸೇರಿ ಫೋಟೋ ತೆಗೆಸಿಕೊಳ್ಳುತ್ತೇವೆ. ಇದನ್ನು ಹೇಳುವಾಗ ಅವಳಿಗೇ ಬೇಜಾರಾಯಿತು. ಡಿಬೇಟ್ ಬಗ್ಗೆ ಮಾತ್ರ ಸ್ವಲ್ಪ ಹುಮ್ಮಸ್ಸಿತ್ತು. ಎದುರು ಪಕ್ಷದವರ ವಾದವನ್ನೂ ತಾನೇ ತಯಾರಿಸುವುದು ಇಷ್ಟ ಅಂದಳು.

ಹೊರಡುವ ಹೊತ್ತಿಗೆ ಅವಳ ಮೇಜಿನ ಮೇಲೆ ಒಂದು ಹಳೆಯ ನೋಟ್‌ಬುಕ್ ಕಂಡಿತು. ಒಳಗೆ ತಾರೀಖು, ಪಕ್ಕದಲ್ಲಿ ಅಂಕಿ. 4. 0. 0. 13. 2. ಪುಟ ಪುಟ ಹೀಗೇ. ಏನಿದು ಅಂದೆ. "ಮಳೆ" ಅಂದಳು.

ಏಳನೇ ತರಗತಿಯಲ್ಲಿ ವಿಜ್ಞಾನದ ಪಾಠಕ್ಕೆ ಪ್ಲಾಸ್ಟಿಕ್ ಬಾಟಲಿಯಿಂದ ಮಳೆಮಾಪಕ ಮಾಡಿಸಿದ್ದರಂತೆ. ಬಾಟಲಿಯ ಮೇಲಿನ ಭಾಗ ಕತ್ತರಿಸಿ ತಲೆಕೆಳಗಾಗಿ ಇಟ್ಟರೆ ಅದೇ ಆಲಿಕೆ. ಪಕ್ಕಕ್ಕೆ ಒಂದು ಸ್ಕೇಲು. ಎಲ್ಲರೂ ಒಂದು ವಾರ ಅಳೆದು ಬಿಟ್ಟರು. ಇವಳು ಬಿಡಲಿಲ್ಲ. ಬಾಟಲಿಯ ತಳ ಉಬ್ಬು ತಗ್ಗಾಗಿರುವುದರಿಂದ ಮೊದಲ ಕೆಲವು ಮಿಲಿಮೀಟರ್ ತಪ್ಪಾಗುತ್ತದೆ ಅಂತ ಅವಳೇ ಕಂಡುಕೊಂಡು, ತಳಕ್ಕೆ ಸಣ್ಣ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವಲ್ಲಿಯ ತನಕ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆದಿದ್ದಾಳೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಅದಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟಿದ್ದಾಳೆ. ಪ್ರತಿದಿನ ಸ್ಕೂಲಿಗೆ ಹೊರಡುವ ಮುಂಚೆ, ಒಂದೇ ಹೊತ್ತಿಗೆ ನೋಡಿ ಬರೆಯುತ್ತಾಳೆ. ನೋಡಲಾಗದ ದಿನ ಅಂದಾಜಿಗೆ ಏನೋ ಒಂದು ಬರೆಯದೆ ಖಾಲಿ ಬಿಟ್ಟಿದ್ದಾಳೆ. ಆ ಖಾಲಿ ಮನೆಗಳು ನನಗೆ ತುಂಬಾ ಹಿಡಿಸಿದವು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಅಂತ ಹೇಳಿ, ತಮ್ಮ ಮನೆಯ ತಾರಸಿ ಮೇಲೆ ಕಳೆದ ವರ್ಷ ಎಷ್ಟು ಲೀಟರ್ ಬಿತ್ತು ಅಂತ ಗುಣಿಸಿ ತೋರಿಸಿದಳು. ಆ ಹದಿನೈದು ನಿಮಿಷ ಅವಳು ಒಂದು ಸಲವೂ "ಪರವಾಗಿಲ್ಲ" ಅನ್ನಲಿಲ್ಲ.

"ಇದನ್ಯಾಕೆ ಪಟ್ಟಿಯಲ್ಲಿ ಹಾಕಿಲ್ಲ?" ಅಂದೆ.

"ಇದು ಆಕ್ಟಿವಿಟಿ ಅಲ್ವಲ್ಲ ಚಿಕ್ಕಮ್ಮ. ಕ್ಲಬ್ ಇಲ್ಲ, ಸರ್ಟಿಫಿಕೇಟ್ ಇಲ್ಲ."

ನಮ್ಮಂಥ ದೊಡ್ಡವರು ಮಕ್ಕಳ ಮನಸ್ಸಿನಲ್ಲಿ ಮಾಡಿರುವ ಹಾನಿ ಇದು ಅಂತ ನನಗೆ ಅನ್ನಿಸುತ್ತದೆ. ಯಾರಾದರೂ ಬ್ಯಾನರ್ ಕಟ್ಟಿ, ಫೀಸು ತೆಗೆದುಕೊಂಡು, ಕೊನೆಗೊಂದು ಕಾಗದ ಕೊಟ್ಟರೆ ಮಾತ್ರ ಅದು ಚಟುವಟಿಕೆ. ಮಗು ತಾನಾಗಿ ಎರಡು ವರ್ಷ ಬಿಡದೆ ಮಾಡಿದ್ದು ಲೆಕ್ಕಕ್ಕಿಲ್ಲ. ಆದರೆ ಫಾರಂ ಹಾಗೆ ಹೇಳುವುದಿಲ್ಲ. ಆ ಹತ್ತು ಮನೆಗಳಿಗೆ ಸರ್ಟಿಫಿಕೇಟ್ ಲಗತ್ತಿಸುವ ಜಾಗವೇ ಇಲ್ಲ. ಕೇಳುವುದು ಎಷ್ಟು ಹೊತ್ತು, ಎಷ್ಟು ವರ್ಷ, ಏನು ಮಾಡಿದೆ. ಮನೆಯಲ್ಲೇ ಮಾಡಿದ್ದು, ಒಬ್ಬಳೇ ಮಾಡಿದ್ದು, ಹವ್ಯಾಸ, ಎಲ್ಲವನ್ನೂ ಬರೆಯಬಹುದು. ಏಳು ಕ್ಲಬ್ಬುಗಳ "ಸದಸ್ಯೆ" ಅನ್ನುವ ಏಳು ಸಾಲಿಗಿಂತ, ಬಾಟಲಿಯ ತಳಕ್ಕೆ ಕಲ್ಲು ಹಾಕಿದ ಈ ಒಂದು ಸಾಲು ಓದುವವರಿಗೆ ಈ ಹುಡುಗಿ ಯಾರು ಅಂತ ಹೆಚ್ಚು ಹೇಳುತ್ತದೆ ಅಂತ ನಾನು ನಂಬುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ನನಗೆ ನಾನೇ ಹೇಳಿಕೊಂಡೆ. ಇದನ್ನು ಕೇಳಿದ ತಕ್ಷಣ ಭಾವ, "ಹಾಗಾದರೆ ಇದನ್ನೇ ದೊಡ್ಡದು ಮಾಡೋಣ, ವೆಬ್‌ಸೈಟ್ ಮಾಡೋಣ, ಒಂದು ಸಂಸ್ಥೆ ಅಂತ ಹೆಸರಿಡೋಣ, ಇವಳೇ ಅಧ್ಯಕ್ಷೆ" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಹುಡುಗಿಯ ಮುಖ ನೋಡಿದೆ. ನೋಟ್‌ಬುಕ್ ಮುಚ್ಚಿ ಡ್ರಾಯರ್ ಒಳಗೆ ಇಟ್ಟುಬಿಟ್ಟಳು. ಇಷ್ಟಪಟ್ಟು ಮಾಡುವ ಕೆಲಸವನ್ನು ಅರ್ಜಿಯ ಸಾಮಾನು ಮಾಡಿದ ಕೂಡಲೇ ಅದರ ಜೀವ ಹೋಗುತ್ತದೆ. ಆಮೇಲೆ ಸಂಸ್ಥೆ ಉಳಿಯಬಹುದು, ಅಳೆಯುವ ಹುಡುಗಿ ಉಳಿಯುವುದಿಲ್ಲ.

ನಾಯಕತ್ವದ ಬಗ್ಗೆ ಇರುವ ತಪ್ಪು ತಿಳಿವಳಿಕೆಯೂ ಹೀಗೇ. ಅಧ್ಯಕ್ಷ, ಕಾರ್ಯದರ್ಶಿ, ಕ್ಯಾಪ್ಟನ್ ಅಂತ ಪದವಿ ಬೇಕು ಅಂತ ಮಕ್ಕಳು ತಾವೇ ಒಂದು ಕ್ಲಬ್ ಹುಟ್ಟುಹಾಕಿ, ತಾವೇ ಅಧ್ಯಕ್ಷರಾಗಿ, ಹನ್ನೆರಡನೇ ತರಗತಿ ಮುಗಿದ ದಿನ ಅದನ್ನು ಮುಚ್ಚುತ್ತಾರೆ. ನಮ್ಮ ಗೋಡೆ ಪತ್ರಿಕೆಯಲ್ಲಿ ಯಾರಿಗೂ ಪದವಿ ಇರಲಿಲ್ಲ. ಆದರೆ ಕವಿತೆ ಕತ್ತರಿಸಿದ್ದಕ್ಕೆ ಮಾತು ಬಿಟ್ಟ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿ, ಮುಂದಿನ ಸಂಚಿಕೆಗೆ ಅವನಿಂದಲೇ ಮತ್ತೆ ಬರೆಸಿಕೊಂಡು ಬಂದವಳು ನಮ್ಮಲ್ಲೊಬ್ಬಳಿದ್ದಳು. ಅದಕ್ಕೆ ಏನು ಹೆಸರು ಕೊಡುತ್ತೀರಿ?

ಓದುತ್ತಾ ಹೋದಾಗ ಇನ್ನೊಂದು ಕಡೆ ಮನಸ್ಸು ಕಹಿಯಾಯಿತು. ಚಟುವಟಿಕೆ ನೋಡಿ ಸೀಟು ಕೊಡುವ ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಾರ್ವರ್ಡ್‌ನಂಥ ಕಾಲೇಜುಗಳಿಗೆ ಮುಖ್ಯವಾಗಿ ಪರೀಕ್ಷೆ ಬರೆದೇ ಸೇರಬೇಕಿತ್ತು. ಪರೀಕ್ಷೆಯಲ್ಲಿ ಯಹೂದಿ ಮಕ್ಕಳು ಚೆನ್ನಾಗಿ ಪಾಸಾಗತೊಡಗಿದರು. 1922ರ ಹೊತ್ತಿಗೆ ಹಾರ್ವರ್ಡ್‌ನ ಹೊಸ ವಿದ್ಯಾರ್ಥಿಗಳಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಅವರೇ ಇದ್ದರು. ಆಗಿನ ಅಧ್ಯಕ್ಷ ಲೋವೆಲ್ ಅವರಿಗೆ ಅದು ಹಿಡಿಸಲಿಲ್ಲ, ಮಿತಿ ಹಾಕಬೇಕು ಅಂದರು. ನೇರವಾಗಿ ಮಿತಿ ಹಾಕಲು ವಿರೋಧ ಬಂದಾಗ ದಾರಿ ಬದಲಾಯಿತು. ಅರ್ಜಿಯಲ್ಲಿ ಜನಾಂಗ, ಧರ್ಮ ಕೇಳಿದರು, ನಿಮ್ಮ ಅಥವಾ ತಂದೆಯ ಹೆಸರು ಹುಟ್ಟಿದ ಮೇಲೆ ಬದಲಾಗಿದೆಯಾ ಅಂತ ಕೇಳಿದರು. 1926ರ ಹೊತ್ತಿಗೆ ಫೋಟೋ, ಸಂದರ್ಶನ, "ಗುಣ ನಡತೆ" ಎಲ್ಲಾ ಬಂದವು. ಅಂಕಪಟ್ಟಿಯ ಆಚೆಗೆ ಇಡೀ ಮನುಷ್ಯನನ್ನು ನೋಡುತ್ತೇವೆ ಅನ್ನುವ ಒಳ್ಳೆಯ ಮಾತಿನ ಬೇರಿನಲ್ಲಿ ಕೆಲವರನ್ನು ಹೊರಗಿಡುವ ಆಸೆಯೂ ಇತ್ತು. ಇಂದು ಅದನ್ನು ನಡೆಸುವವರ ಉದ್ದೇಶ ಅದೇ ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲಿಂದ ಬಂತು ಅನ್ನುವುದನ್ನು ತಿಳಿದುಕೊಂಡರೆ, ಆ ತಕ್ಕಡಿಯಲ್ಲಿ ತೂಗಿದ್ದನ್ನೇ ನಮ್ಮ ಮಗುವಿನ ಬೆಲೆ ಅಂದುಕೊಳ್ಳುವುದು ತಪ್ಪುತ್ತದೆ.

ಪ್ರವೇಶದಲ್ಲಿ ಜನಾಂಗ ನೋಡುತ್ತಾರೆ ಅಂತ ಹಾರ್ವರ್ಡ್ ವಿರುದ್ಧ ನಡೆದ ಮೊಕದ್ದಮೆಗೆ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತಲ್ಲ, ಅದರ ವಿಚಾರಣೆಯಲ್ಲಿ ಒಳಗಿನ ವಿಧಾನ ಹೊರಬಂತು. ಓದು, ಪಠ್ಯೇತರ, ಕ್ರೀಡೆ, ವ್ಯಕ್ತಿತ್ವ ಅಂತ ಬೇರೆ ಬೇರೆ ರೇಟಿಂಗ್, ಒಂದು ಅಂದರೆ ಅತ್ಯುತ್ತಮ. ಅದೇ ವರ್ಷ ರಾಜ್ ಚೆಟ್ಟಿ ಮತ್ತು ಜೊತೆಯ ಅರ್ಥಶಾಸ್ತ್ರಜ್ಞರು ಅಂಥ 12 ಪ್ರತಿಷ್ಠಿತ ಕಾಲೇಜುಗಳ ಮೇಲೆ ಮಾಡಿದ ಅಧ್ಯಯನ ಬಂತು. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ, ಮೇಲಿನ ಶೇಕಡಾ 1ರ ಶ್ರೀಮಂತ ಮನೆಯ ಮಕ್ಕಳು ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಆ ಕಾಲೇಜುಗಳನ್ನು ಸೇರುತ್ತಾರೆ. ಅದಕ್ಕೆ ಅವರು ಕೊಟ್ಟ ಮೂರು ಮುಖ್ಯ ಕಾರಣಗಳಲ್ಲಿ ಒಂದು, ಓದಿನ ಹೊರಗಿನ ವಿಷಯಗಳಿಗೆ ಕೊಡುವ ರೇಟಿಂಗ್. ಉಳಿದೆರಡು, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ ಮತ್ತು ಕ್ರೀಡಾಪಟುಗಳ ಆಯ್ಕೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದರ ಮುಂದಿನ ಮಾತು. ಕಾಲೇಜು ಮುಗಿದ ಮೇಲೆ ಯಾರು ಚೆನ್ನಾಗಿ ಮುಂದೆ ಬರುತ್ತಾರೆ ಅನ್ನುವುದನ್ನು ಓದಿನ ರೇಟಿಂಗ್ ಚೆನ್ನಾಗಿ ಸೂಚಿಸುತ್ತದೆ, ಈ ಮೂರು ಸೂಚಿಸುವುದಿಲ್ಲ.

ಸುಮಾರು 60 ಲಕ್ಷ ಅರ್ಜಿಗಳ ಚಟುವಟಿಕೆ ಪಟ್ಟಿಗಳನ್ನು ನೋಡಿದ ಇನ್ನೊಂದು ಅಧ್ಯಯನವೂ ಇದೆ. ಅನುಕೂಲಸ್ಥರ, ಖಾಸಗಿ ಶಾಲೆಯ ಮಕ್ಕಳ ಪಟ್ಟಿ ಉದ್ದ, ಅದರಲ್ಲಿ ಪದವಿಗಳೂ ಜಾಸ್ತಿ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೋಚಿಂಗ್‌ಗೆ ದುಡ್ಡು ಬೇಕು, ಕರೆದುಕೊಂಡು ಹೋಗಿ ಬರಲು ಬಿಡುವಿರುವ ದೊಡ್ಡವರು ಬೇಕು. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಬಯಲಾದ ಕಾಲೇಜು ಪ್ರವೇಶದ ಹಗರಣವಂತೂ ಎಲ್ಲರಿಗೂ ನೆನಪಿರಬೇಕು. ಶ್ರೀಮಂತ ಅಪ್ಪ ಅಮ್ಮಂದಿರು ಕೋಚುಗಳಿಗೆ ಲಂಚ ಕೊಟ್ಟು, ಆಡದ ಆಟದಲ್ಲಿ ಮಕ್ಕಳನ್ನು ಆಟಗಾರರನ್ನಾಗಿ ತೋರಿಸಿದ್ದರು. ದೋಣಿ ಹುಟ್ಟು ಹಾಕುವ ಯಂತ್ರದ ಮೇಲೆ ಕೂರಿಸಿ ಫೋಟೋ ತೆಗೆಸಿದವರೂ ಇದ್ದರು. ಆ ಫೋಟೋದಲ್ಲಿ ಕೂತ ಮಗುವಿನ ಬಗ್ಗೆ ನಾನು ತುಂಬಾ ಸಲ ಯೋಚಿಸಿದ್ದೇನೆ. ನೀನು ಇರುವ ಹಾಗೆ ಸಾಲದು ಅಂತ ಹೆತ್ತವರೇ ಹೇಳಿದ ಹಾಗಾಯಿತಲ್ಲ ಅದು.

ಇಷ್ಟೆಲ್ಲಾ ಹೇಳಿದ ಮೇಲೆ, ಅದೇ ಕಾಮನ್ ಆಪ್ ಫಾರಂನಲ್ಲಿ ನನಗೆ ಇಷ್ಟವಾದ ಒಂದು ಮಾತನ್ನೂ ಹೇಳಬೇಕು. ಚಟುವಟಿಕೆಯ ವರ್ಗಗಳಲ್ಲಿ "ಕುಟುಂಬದ ಜವಾಬ್ದಾರಿ" ಅಂತ ಒಂದಿದೆ. ಸಂಬಳದ ಕೆಲಸ ಅಂತ ಒಂದಿದೆ. ತಮ್ಮನನ್ನು ನೋಡಿಕೊಳ್ಳುವುದು, ಅಡುಗೆ ಮಾಡುವುದು, ಅಂಗಡಿಯಲ್ಲಿ ಕೂರುವುದು, ಎಲ್ಲಾ ಬರೆಯಬಹುದು. ಎಷ್ಟು ಮಕ್ಕಳಿಗೆ ಇದು ಗೊತ್ತು? ಸ್ಕೂಲು ಮುಗಿಸಿ ನೇರ ಕೆಲಸಕ್ಕೆ ಹೋಗುವ ಹುಡುಗ ಆ ಪಟ್ಟಿ ನೋಡಿ, ನನ್ನ ಹತ್ತಿರ ಏನೂ ಇಲ್ಲ ಅಂದುಕೊಂಡು ಬಿಟ್ಟಿರುತ್ತಾನೆ. ವಾರಕ್ಕೆ ಇಪ್ಪತ್ತು ಗಂಟೆ ದುಡಿದವನ ಹತ್ತಿರ ಏನೂ ಇಲ್ಲವಂತೆ!

ಅಕ್ಕನ ಮನೆಯಲ್ಲೂ ಹಾಗೇ ಆಗಿತ್ತು. ಭಾವನ ತಂದೆಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಸಂಜೆ ಏಳಕ್ಕೆ ಅವರ ಮಾತ್ರೆ ಕೊಡುವುದು, ಕೈ ಬೆರಳಿನ ವ್ಯಾಯಾಮ ಮಾಡಿಸುವುದು, ಪತ್ರಿಕೆ ಓದಿ ಹೇಳುವುದು, ಎಲ್ಲಾ ಮೊಮ್ಮಗಳದ್ದೇ. ಯಾರೂ ಅವಳಿಗೆ ವಹಿಸಿದ್ದಲ್ಲ. ಅಜ್ಜನ ಮಾತು ತೊದಲುತ್ತದೆ, ಅದು ಬೇಗ ತಿಳಿಯುವುದು ಅವಳಿಗೆ. ಆದರೆ ಕೋಡಿಂಗ್ ಕ್ಲಾಸ್ ಶುರುವಾದ ಮೇಲೆ ಆ ಹೊತ್ತು ಹೋಗಿತ್ತು. ಅಜ್ಜ ಏನೂ ಹೇಳಿರಲಿಲ್ಲ, ಗಡಿಯಾರ ನೋಡುತ್ತಿದ್ದರಂತೆ. ಇದನ್ನು ಅಕ್ಕ ಹೇಳುವಾಗ ಅವಳ ದನಿ ಸಣ್ಣಗಾಯಿತು. ಅಜ್ಜನ ಜೊತೆ ಕಳೆದ ಹೊತ್ತನ್ನು ಮುಂದೆ ಫಾರಂನಲ್ಲಿ ಬರೆಯುವುದು ಬಿಡುವುದು ಅವಳಿಗೇ ಬಿಟ್ಟದ್ದು. ಬರೆದರೂ ತಪ್ಪಿಲ್ಲ, ಬರೆಯದೆ ತನ್ನ ಹತ್ತಿರವೇ ಇಟ್ಟುಕೊಂಡರೂ ತಪ್ಪಿಲ್ಲ. ಆದರೆ ಫಾರಂ ತುಂಬಿಸಲು ಹೋಗಿ ಅದನ್ನೇ ಕಳೆದುಕೊಂಡದ್ದು ನನಗೆ ತಡೆಯಲಾಗಲಿಲ್ಲ.

ಹಾಗಾದರೆ ಆರಿಸುವುದು ಹೇಗೆ ಅಂತ ಅಕ್ಕ ಕೇಳಿದಳು. ನನ್ನ ಹತ್ತಿರ ಸೂತ್ರ ಇಲ್ಲ. ಎಂಟನೇ, ಒಂಬತ್ತನೇ ತರಗತಿಯಲ್ಲಿ ಹತ್ತು ಕಡೆ ಇಣುಕಿ ನೋಡುವುದು ಒಳ್ಳೆಯದೇ. ನೋಡದೆ ಇಷ್ಟ ಕಷ್ಟ ತಿಳಿಯುವುದು ಹೇಗೆ? ಆದರೆ ಇಣುಕಿದ ಕಡೆಯಿಂದ ವಾಪಸ್ ಬರುವ ಸ್ವಾತಂತ್ರ್ಯವೂ ಇರಬೇಕು. ಒಂದು ವರ್ಷ ಚೆಸ್ ಆಡಿ ಬಿಟ್ಟರೆ ಅದು ಸೋಲಲ್ಲ, ತನಗೆ ಚೆಸ್ ಬೇಡ ಅನ್ನುವ ತಿಳಿವಳಿಕೆ. ಹತ್ತು ಹನ್ನೊಂದನೇ ತರಗತಿಯ ಹೊತ್ತಿಗೆ ಎರಡೋ ಮೂರೋ ಉಳಿದರೆ ಸಾಕು, ಅವುಗಳಲ್ಲಿ ಬೇಜಾರಿನ ದಿನಗಳನ್ನೂ ದಾಟಿ ನಿಂತಿರಬೇಕು. ಯಾವ ಕೆಲಸದಲ್ಲೂ ಬೇಜಾರು ಬಂದೇ ಬರುತ್ತದೆ. ಬೇಜಾರಿನ ದಿನವೂ ಅದರ ಬಗ್ಗೆ ಒಂದು ಪ್ರಶ್ನೆ ತಲೆಯಲ್ಲಿ ಉಳಿದಿದೆಯಾ ಅಂತ ನೋಡಿ ಅಂದೆ. ಮತ್ತೆ, ವಾರದಲ್ಲಿ ಎರಡು ಸಂಜೆಯಾದರೂ ಏನೂ ಇಲ್ಲದೆ ಖಾಲಿ ಇರಲಿ. ಮಳೆಯ ನೋಟ್‌ಬುಕ್ ಶುರುವಾದದ್ದು ಅಂಥ ಖಾಲಿ ಹೊತ್ತಿನಲ್ಲೇ, ಏಳನೇ ತರಗತಿಯಲ್ಲಿ, ಇನ್ನೂ ಯಾವ ಕ್ಲಾಸಿಗೂ ಸೇರಿಸದಿದ್ದಾಗ.

ಸ್ವಯಂಸೇವೆಯ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಗಂಟೆ ತುಂಬಿಸಲು ಹೋಗುವುದಾದರೆ ಹೋಗಬೇಡ. ಅಲ್ಲಿ ನಿನಗಾಗಿ ಕಾಯುವವರು ಮನುಷ್ಯರು. ಒಂದು ಭಾನುವಾರ ಬಂದು, ಪಾಠ ಹೇಳಿ, ಫೋಟೋ ತೆಗೆಸಿಕೊಂಡು, ಮುಂದಿನ ಭಾನುವಾರ ಬರದೇ ಇದ್ದರೆ ಆ ಸಣ್ಣ ಮಕ್ಕಳು ಏನು ತಿಳಿದುಕೊಳ್ಳಬೇಕು? ಹೋಗುವುದಾದರೆ ಒಂದೇ ಕಡೆ, ಒಂದೇ ಹೊತ್ತಿಗೆ, ತಪ್ಪದೆ ಹೋಗು. ದುಡ್ಡು ಕೊಟ್ಟರೆ ಎರಡು ವಾರದಲ್ಲಿ ಸಂಶೋಧನಾ ಪ್ರಬಂಧ ಬರೆಸಿಕೊಡುತ್ತೇವೆ ಅನ್ನುವವರೂ ಈಗ ಇದ್ದಾರೆ. ಅವರ ಬಾಗಿಲಿಗೆ ಹೋಗಬೇಡಿ ಅಂತ ಮಾತ್ರ ಹೇಳುತ್ತೇನೆ. ಮಗು ಮಾಡದ ಕೆಲಸಕ್ಕೆ ಮಗುವಿನ ಹೆಸರು ಹಾಕುವುದನ್ನು ಮಗು ನೋಡುತ್ತಾ ಇರುತ್ತದೆ.

ಭಾವನಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. "ಪೈಪೋಟಿ ಇದೆ, ನಾಳೆ ಸೀಟು ತಪ್ಪಿದರೆ?" ಅಂದರು. ತಪ್ಪಬಹುದು. ಹತ್ತು ಮನೆ ತುಂಬಿಸಿದವರಿಗೂ ತಪ್ಪುತ್ತದೆ, ಸೀಟಿಗಿಂತ ಯೋಗ್ಯರು ಜಾಸ್ತಿ ಇರುವ ಕಡೆ ತಪ್ಪುವುದೇ ಹೆಚ್ಚು. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರು ಮಗಳಿಗಾಗಿ ಭಯಪಡುತ್ತಿದ್ದಾರೆ. ಆದರೆ ಸೀಟು ಸಿಗಲಿ ಬಿಡಲಿ, ಹದಿನಾಲ್ಕರಿಂದ ಹದಿನೇಳರ ತನಕದ ಅವಳ ಸಂಜೆಗಳು ಒಂದೇ ಸಲ ಬರುತ್ತವೆ. ನನ್ನ ಗೋಡೆ ಪತ್ರಿಕೆಯ ಕೊನೆಯ ಸಂಚಿಕೆ ಅರ್ಧ ಬರೆದಾಗ ನಿಂತಿತು. ಆಮೇಲೆ ನನಗೆ ಬೇಕಾದ ಕಾಲೇಜು ಸಿಕ್ಕಿತು, ಕೆಲಸವೂ ಸಿಕ್ಕಿತು. ಆ ಅರ್ಧ ಸಂಚಿಕೆ ಮಾತ್ರ ಇನ್ನೂ ನನ್ನ ಮನಸ್ಸಿನಲ್ಲಿ ಅರ್ಧವೇ ಇದೆ. ಮೂಲೆಯಲ್ಲಿ ಒಂದು ಪದಬಂಧಕ್ಕೆ ಚೌಕ ಎಳೆದಿದ್ದೆ, ಸುಳಿವು ಬರೆದಿರಲಿಲ್ಲ.

ಕೋಡಿಂಗ್, ಚೆಸ್, ಪರಿಸರ ಕ್ಲಬ್ ಬಿಟ್ಟಳು. ಭಾನುವಾರದ ಕೆಲಸದ ಬಗ್ಗೆ ಇನ್ನೂ ಯೋಚಿಸುತ್ತಿದ್ದಾಳೆ. ಕೀಬೋರ್ಡ್ ಇಟ್ಟುಕೊಂಡಿದ್ದಾಳೆ, ಪರೀಕ್ಷೆ ಬರೆಯುವುದಿಲ್ಲವಂತೆ. ಟೇಬಲ್ ಟೆನಿಸ್ ಗೆಳತಿ ಆಡುವ ತನಕ. ಏಳು ಗಂಟೆಗೆ ಮನೆಯಲ್ಲಿ ಇರುತ್ತಾಳೆ.

ಹೋದ ವಾರ ರಾತ್ರಿ ಅಲ್ಲೇ ಉಳಿದಿದ್ದೆ. ಇಡೀ ರಾತ್ರಿ ಮಳೆ. ಬೆಳಿಗ್ಗೆ ಎಬ್ಬಿಸಿ ತಾರಸಿಗೆ ಕರೆದುಕೊಂಡು ಹೋದಳು. "ಚಿಕ್ಕಮ್ಮ, ಈ ಸಲ ನೀನೇ ಓದು" ಅಂದಳು. ನಾನು ಬಗ್ಗಿ ನೋಡಿ, ಇಪ್ಪತ್ತಮೂರು ಅಂದೆ.

"ಇನ್ನೊಂದು ಸಲ ನೋಡು. ಅಂಚಿನಲ್ಲಿ ನೀರು ಗೋಡೆ ಹತ್ತಿರುತ್ತೆ. ನಡುವಿನ ತಗ್ಗು ಎಲ್ಲಿದೆ, ಅಲ್ಲಿ ಓದಬೇಕು. ಕಣ್ಣು ಅದೇ ಮಟ್ಟಕ್ಕೆ ಬರಲಿ."

ಮೊಣಕಾಲೂರಿ ಕೂತು ಮತ್ತೆ ನೋಡಿದೆ. ಇಪ್ಪತ್ತೆರಡು. ಅವಳು ನೋಟ್‌ಬುಕ್ ತೆರೆದು ಬರೆದುಕೊಂಡಳು. ಪಕ್ಕದಲ್ಲಿ, ಓದಿದವರು ಅಂತ ನನ್ನ ಹೆಸರಿನ ಮೊದಲ ಅಕ್ಷರ ಹಾಕಿದಳು.